ಎರಡು ಉತ್ತರ ಎಲ್ಲಿ ಕಳೆದುಹೋದವು?

ಪಿಯುಸಿಯಲ್ಲಿ ಎರಡು ದಿನ ನನ್ನನ್ನು ಕಾಡಿದ ಲೆಕ್ಕ ಇದು: ಸೈನ್ 2ಎಕ್ಸ್ = 1/2. ಎಕ್ಸ್ ಬೆಲೆ 0°ಯಿಂದ 360°ಯೊಳಗೆ ಇರಬೇಕು. ನನಗೆ ಸಿಕ್ಕಿದ್ದು 15° ಮತ್ತು 75° ಮಾತ್ರ. ಪುಸ್ತಕದ ಹಿಂದೆ ನಾಲ್ಕು ಉತ್ತರ ಇದ್ದವು.

ಸೂತ್ರ ಸರಿಯಾಗಿಯೇ ಇತ್ತು. ತಪ್ಪಿದ್ದು ಮಿತಿಯಲ್ಲಿ. ಎಕ್ಸ್ 360°ವರೆಗೆ ಹೋದರೆ 2ಎಕ್ಸ್ 720°ವರೆಗೆ ಹೋಗುತ್ತದೆ, ಅಲ್ವಾ? ನಾನು ಒಂದೇ ಸುತ್ತಿಗೆ ನಿಂತುಬಿಟ್ಟಿದ್ದೆ. ಎರಡನೇ ಸುತ್ತೂ ಹಾಕಿದಾಗ 2ಎಕ್ಸ್‌ಗೆ 30°, 150°, 390°, 510° ಬಂದವು. ಅರ್ಧ ಮಾಡಿದರೆ 15°, 75°, 195°, 255°. ನಾಲ್ಕೂ ಸಿಕ್ಕಾಗ ಆದ ಖುಷಿ ಇನ್ನೂ ನೆನಪಿದೆ.

ಈಗ ಲೆಕ್ಕ ಶುರು ಮಾಡುವ ಮೊದಲೇ ಹೊಸ ಮಿತಿಯನ್ನು ಹಾಳೆಯ ಅಂಚಿನಲ್ಲಿ ಬರೆದುಕೊಳ್ಳುತ್ತೇನೆ. ಕ್ಯಾಲ್ಕುಲೇಟರ್ ಒಂದೇ ಕೋನ ಕೊಡುತ್ತದೆ, ಅದನ್ನು ಸುಮ್ನೆ ನಂಬುವುದಿಲ್ಲ. ಗ್ರಾಫ್‌ನ ಕಚ್ಚಾ ಚಿತ್ರ ಬರೆದು, ಅದು 1/2ರ ಅಡ್ಡಗೆರೆಯನ್ನು ಎಷ್ಟು ಕಡೆ ದಾಟುತ್ತದೆ ಎಂದು ಎಣಿಸುತ್ತೇನೆ.

ಇದಕ್ಕಿಂತ ಜಾಸ್ತಿ ಮೋಸ ಮಾಡುವುದು ಸೈನ್ 2ಎಕ್ಸ್ = ಕಾಸ್ ಎಕ್ಸ್. ಸೈನ್ 2ಎಕ್ಸ್ ಅಂದರೆ 2 ಸೈನ್ ಎಕ್ಸ್ ಕಾಸ್ ಎಕ್ಸ್. ಎರಡೂ ಕಡೆ ಕಾಸ್ ಎಕ್ಸ್‌ನಿಂದ ಭಾಗಿಸಿದರೆ ಸೈನ್ ಎಕ್ಸ್ = 1/2 ಆಗಿ 30°, 150° ಉಳಿಯುತ್ತವೆ, 90° ಮತ್ತು 270° ಮಾಯವಾಗುತ್ತವೆ. ಅಲ್ಲಿ ಕಾಸ್ ಎಕ್ಸ್ ಸೊನ್ನೆ. ಸೊನ್ನೆಯಿಂದ ಭಾಗಿಸುವ ಹಾಗಿಲ್ಲ. ಎಲ್ಲವನ್ನೂ ಒಂದೇ ಕಡೆ ತಂದು, ಕಾಸ್ ಎಕ್ಸ್ ಅನ್ನು ಹೊರಗೆ ತೆಗೆದರೆ ನಾಲ್ಕೂ ಉಳಿಯುತ್ತವೆ.