ಫ್ರೀ ಪಾರ್ಕಿಂಗ್‌ನಲ್ಲಿ ಸಿಕ್ಕ ಬೈಗುಳ

ಬೈಗುಳ ತೆಗೆದರೆ ಈ ಸೀರಿಯಲ್‌ನಲ್ಲಿ ಏನೂ ಉಳಿಯಲ್ಲ ಅಂತ ನಮ್ಮ ಸ್ಟುಡಿಯೋದಲ್ಲಿ ಎಲ್ಲರೂ ಹೇಳಿದ್ದರು. ಉಳಿಯಿತು. ಐದು ಸೀಸನ್ ಪೂರ್ತಿ ಮಾಡಿ ಕೊಟ್ಟೆ.

ನಾನು ಗಾಂಧಿನಗರದಲ್ಲಿ ಎಡಿಟಿಂಗ್ ಕಲಿತು ನ್ಯೂಯಾರ್ಕ್‌ಗೆ ಹೋದವನು. 2008ರ ಹೊತ್ತಿಗೆ ಕ್ವೀನ್ಸ್‌ನ ಒಂದು ಸಣ್ಣ ಸ್ಟುಡಿಯೋದಲ್ಲಿದ್ದೆ. ಪ್ರತ್ಯೇಕ ಚಂದಾ ಕಟ್ಟಿ ನೋಡುವ ಚಾನೆಲ್‌ನಲ್ಲಿ ಓಡಿದ್ದ ಒಂದು ಕ್ರೈಮ್ ಸೀರಿಯಲ್ಲನ್ನು ಮಾಮೂಲಿ ಕೇಬಲ್ ಚಾನೆಲ್ ಒಂದು ಮರುಪ್ರಸಾರಕ್ಕೆ ಕೊಂಡಿತ್ತು. ಬೈಗುಳ, ಬೆತ್ತಲೆ ತೆಗೆಯುವ ಕತ್ತರಿ ಕೆಲಸ ನಮಗೆ ಬಂತು.

ಅದಕ್ಕೂ ಮುಂಚೆ, 2007ರ ಜನವರಿಯಲ್ಲಿ, ಎ ಅಂಡ್ ಇ ಅನ್ನುವ ಕೇಬಲ್ ಚಾನೆಲ್ ‘ದಿ ಸೊಪ್ರಾನೋಸ್’ ಅನ್ನುವ ಮಾಫಿಯಾ ಸೀರಿಯಲ್ಲನ್ನು ಹೀಗೇ ಮರುಪ್ರಸಾರಕ್ಕೆ ಹಾಕಿತ್ತು. ಎಪಿಸೋಡಿಗೆ ಸುಮಾರು 25 ಲಕ್ಷ ಡಾಲರ್ ಕೊಟ್ಟಿದ್ದರು. ಅವರಿಗೆ ಒಂದು ಅನುಕೂಲ ಇತ್ತು. ಅದನ್ನು ತೆಗೆದ ಚಂದಾ ಚಾನೆಲ್ ಎಚ್‌ಬಿಓದವರು ಶೂಟಿಂಗ್ ಹೊತ್ತಲ್ಲೇ ಎಷ್ಟೋ ಸೀನ್‌ಗಳಿಗೆ ಸೌಮ್ಯ ಮಾತಿನ ಟೇಕ್ ಬೇರೆ ತೆಗೆದಿಟ್ಟಿದ್ದರು. ನಮ್ಮ ಸೀರಿಯಲ್‌ಗೆ ಅಂಥ ಒಂದೂ ಟೇಕ್ ಇರಲಿಲ್ಲ. ಇದ್ದದ್ದು ಮಾಸ್ಟರ್ (ಮೂಲ ಪ್ರತಿ), ಮಾತಿಲ್ಲದೆ ಸಂಗೀತ-ಸದ್ದು ಮಾತ್ರ ಇರುವ ಎಂ ಅಂಡ್ ಇ ಟ್ರ್ಯಾಕ್, ಡೈಲಾಗ್ ಟ್ರ್ಯಾಕ್ ಅಷ್ಟೇ.

ಬೈಗುಳ, ಬೆತ್ತಲೆಗೆ ಅಮೆರಿಕದ ಪ್ರಸಾರ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಹಾಕಿರುವ ಹೊತ್ತಿನ ಕಟ್ಟುಪಾಡು ಆಂಟೆನಾ ಚಾನೆಲ್‌ಗಳಿಗೆ ಮಾತ್ರ, ಕೇಬಲ್‌ಗಿಲ್ಲ. ಕೇಬಲ್‌ನವರು ಹೆದರುವುದು ಜಾಹೀರಾತು ಕೊಡುವವರಿಗೆ.

ಮೊದಲು ಗಾಂಧಿನಗರದ ಹಳೇ ಅಭ್ಯಾಸದಂತೆ ಮ್ಯೂಟ್ ಮಾಡಿದೆ. ಕಾರಿನೊಳಗಿನ ಒಂದು ಜಗಳದಲ್ಲಿ ನಲವತ್ತರ ಹತ್ತಿರ ಬೈಗುಳ. ಮ್ಯೂಟ್ ಮಾಡಿ ಕೇಳಿದರೆ ಟೇಪ್ ಕೆಟ್ಟ ಹಾಗೆ ಕೇಳಿಸಿತು. ಆಮೇಲೆ ದನಿ ಹೋಲುವವರನ್ನು ಕರೆಸಿ ಡಬ್ ಮಾಡಿಸಿದೆವು. ಒಂದೇ ಎಪಿಸೋಡಿಗೆ ಒಂಬತ್ತು ಸಾವಿರ ಡಾಲರ್ ಹೋಯಿತು ಅಂತ ನೆನಪು. ಚಾನೆಲ್ ಒಪ್ಪಿತು, ಸೀರಿಯಲ್ ತೆಗೆದವರು ಒಪ್ಪಲಿಲ್ಲ. ಅವರು ಹೇಳಿದ್ದೇ ಸರಿ. ಬಾಯಿ ಒಬ್ಬನದು, ಗಂಟಲು ಇನ್ನೊಬ್ಬನದು ಅಂತ ಮಗುವಿಗೂ ಗೊತ್ತಾಗುತ್ತಿತ್ತು.

ಆಗ ಹೊಳೆದದ್ದು, ಹೀರೋ ಪಾತ್ರ ಮಾಡಿದ ನಟನ ಬಾಯಿಂದಲೇ ಬದಲಿ ಮಾತು ಹುಡುಕಿದರೆ ಹೇಗೆ ಅಂತ. ಆ ಪಾತ್ರಕ್ಕೆ ಬೈಗುಳ ಅಂದರೆ ಉಸಿರಿನ ತಾಳ. ಮಾತು ಹೋಗಲಿ, ತಾಳ ಉಳಿಯಬೇಕು. ಶಾಲೆಯಲ್ಲಿ ಕಲಿತ ಲಘು-ಗುರು ಲೆಕ್ಕ ಇಲ್ಲಿ ಕೈಹಿಡಿಯಿತು. ಬೈಗುಳ ಎಷ್ಟು ಮಾತ್ರೆಯೋ ಬದಲಿ ಮಾತೂ ಅಷ್ಟೇ ಮಾತ್ರೆ. ಜೊತೆಗೆ ಎಫ್‌ನಿಂದ ಶುರುವಾಗುವ ಬೈಗುಳ ಅಂದಾಗ ಹಲ್ಲು ಕೆಳತುಟಿಗೆ ತಾಗುತ್ತದಲ್ವಾ, ಕ್ಲೋಸಪ್‌ನಲ್ಲಿ ಬದಲಿಯೂ ಎಫ್‌ನಿಂದಲೇ ಶುರುವಾಗಬೇಕು.

ಎರಡನೇ ಸೀಸನ್‌ನಲ್ಲಿ ಹೀರೋ ಒಂದು ಹೋಟೆಲ್ ಮುಂದೆ ನಿಂತು ‘ಫ್ರೀ ಪಾರ್ಕಿಂಗ್’ ಅನ್ನುತ್ತಾನೆ. ‘ಪಾರ್’ ತೆಗೆದು ಎರಡು ತುದಿ ಕೂಡಿಸಿದೆ. ‘ಫ್ರೀಕಿಂಗ್’! ಇಂಗ್ಲಿಷಿನಲ್ಲಿ ಅದು ಆ ಬೈಗುಳದ್ದೇ ಸೌಮ್ಯ ರೂಪ. ಅವನದೇ ದನಿ. ಆದರೆ ಅಲ್ಲಿ ತಣ್ಣಗೆ ಮಾತಾಡಿದ್ದ, ಇಲ್ಲಿ ಸಿಟ್ಟು ಬೇಕಿತ್ತು. ಪಿಚ್ ಸ್ವಲ್ಪ ಏರಿಸಿ, ಕಾರಿನ ರೂಮ್ ಟೋನ್, ಅಂದರೆ ಮಾತಿಲ್ಲದಾಗ ಅಲ್ಲಿ ಕೇಳುವ ಸದ್ದು, ಕೆಳಗೆ ಹಾಕಿ, ಕೂಡಿಸಿದ ಜಾಗದಲ್ಲಿ ಎದುರಿನವನ ಮುಖಕ್ಕೆ ಕಟ್ ಕೊಟ್ಟೆ. ರಾತ್ರಿ ಎರಡು ಗಂಟೆ. ಒಬ್ಬನೇ ಹತ್ತು ಸಲ ಹಾಕಿ ಕೇಳಿದೆ. ಒಂದೇ ತುಂಡಿನಿಂದ ಆರು ಬಗೆಯ ಸಿಟ್ಟು ಮಾಡಿಟ್ಟುಕೊಂಡೆ. ತುದಿಗಳ ನಡುವೆ ಉಸಿರು ಹೇಗೆ ಸೇರಿಸುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ. ಅದು ನನ್ನ ಹೊಟ್ಟೆಪಾಡು.

ಆಮೇಲೆ ಎಪಿಸೋಡಿಗೆ ಖರ್ಚು ಎರಡೂವರೆ ಸಾವಿರ ಡಾಲರ್ ಆಸುಪಾಸಿಗೆ ಇಳಿಯಿತು. ಆಗಲ್ಲ ಅಂದವರೇ ಬಂದು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು.

ಬೆತ್ತಲೆ ಸೀನ್‌ಗಳು ಕಷ್ಟ ಕೊಡಲಿಲ್ಲ. ಮಾಸ್ಟರ್ ಹೆಚ್ಚು ಸ್ಪಷ್ಟವಾದ ಎಚ್‌ಡಿ, ನಾವು ಕೊಡುತ್ತಿದ್ದದ್ದು ಅದಕ್ಕಿಂತ ಕಡಿಮೆ ಸ್ಪಷ್ಟತೆಯ ಎಸ್‌ಡಿ. ಫ್ರೇಮನ್ನು ಭುಜದ ಮೇಲಕ್ಕೆ ಹಿಗ್ಗಿಸಿದರೂ ಚಿತ್ರ ಮಸುಕಾಗಲ್ಲ.

ನಿಜವಾದ ಪೆಟ್ಟು ಬಿದ್ದದ್ದು ಸಮಯದ ವಿಷಯದಲ್ಲಿ. ಜಾಹೀರಾತಿಗೆ ಜಾಗ ಬಿಡಲು 57-58 ನಿಮಿಷದ್ದನ್ನು 44ಕ್ಕೆ ಇಳಿಸಬೇಕು. ಇಡೀ ಎಪಿಸೋಡನ್ನು ನಾಲ್ಕು ಪರ್ಸೆಂಟ್ ಜೋರಾಗಿ ಓಡಿಸಿ ನೋಡಿದೆ. ಎರಡು ನಿಮಿಷ ಉಳಿಯಿತು, ಆದರೆ ಎಲ್ಲರೂ ಬಸ್ಸಿಗೆ ಓಡುವವರ ಹಾಗೆ ಕಂಡರು. ಅದನ್ನು ಬಿಟ್ಟೆ. ಅಲ್ಲಲ್ಲಿ ಎರಡೆರಡು ಸೆಕೆಂಡ್ ಕೀಳುವುದಕ್ಕಿಂತ ಒಂದು ಇಡೀ ಎಳೆ ತೆಗೆಯುವುದು ಮೇಲು ಅನ್ನಿಸಿತು. ಹಾಗೆ ನಾಲ್ಕನೇ ಎಪಿಸೋಡಿನಲ್ಲಿ ಅಕ್ಕ ತಮ್ಮನಿಗೆ ಬೀಗದ ಕೈ ಕೊಡುವ ಸೀನ್ ಕಿತ್ತೆ. ಒಂಬತ್ತನೆಯದರಲ್ಲಿ ಅವನು ಅದೇ ಬೀಗದ ಕೈಯಿಂದ ಬಾಗಿಲು ತೆಗೆಯುತ್ತಾನೆ! ನಾಲ್ಕನೆಯದು ಆಗಲೇ ಡೆಲಿವರಿ ಆಗಿತ್ತು. ವಾಪಸ್ ತರಿಸಿ ಮತ್ತೆ ಮಾಡಿದ್ದಕ್ಕೆ ಮೂರು ಸಾವಿರ ಡಾಲರ್ ಕೈಬಿಟ್ಟಿತು. ಅಂದಿನಿಂದ ಇಡೀ ಸೀಸನ್ ನೋಡಿ ಮುಗಿಸದೆ ಒಂದು ಕಟ್ಟೂ ಹಾಕಿಲ್ಲ.

ಇನ್ನೊಂದು, ಕ್ಲೋಸ್ಡ್ ಕ್ಯಾಪ್ಷನ್, ಅಂದರೆ ಕಿವಿ ಕೇಳದವರಿಗಾಗಿ ತೆರೆಯ ಮೇಲೆ ಬರುವ ಮಾತಿನ ಅಕ್ಷರ. ದನಿ ಶುದ್ಧ ಮಾಡಿ ಕಳಿಸಿದೆ, ಕೆಳಗೆ ಅಕ್ಷರದಲ್ಲಿ ಹಳೇ ಬೈಗುಳ ಹಾಗೇ ಇತ್ತು. ಚಾನೆಲ್‌ನವರು ಪ್ರಸಾರಕ್ಕೆ ಮುಂಚೆ ಹಿಡಿದರು. ನೀವು ಈ ಕೆಲಸ ಹಿಡಿದರೆ ಮೊದಲ ದಿನವೇ ಕ್ಯಾಪ್ಷನ್ ಫೈಲ್ ಕೇಳಿ ತೆಗೆದುಕೊಳ್ಳಿ.

ಕೊನೆಯ ಎಪಿಸೋಡಿನಲ್ಲಿ ತಾಯಿ ಅಡುಗೆಮನೆಯಲ್ಲಿ ಸುಮ್ನೆ ನಿಂತಿರುವ ಹನ್ನೊಂದು ಸೆಕೆಂಡ್ ಇದೆ. ನಲ್ಲಿ ತೊಟ್ಟಿಕ್ಕುತ್ತಿರುತ್ತದೆ, ಮಾತಿಲ್ಲ. ಅದನ್ನು ತೆಗೆಯಿರಿ ಅಂತ ಚಾನೆಲ್‌ನವರಿಂದ ಮೂರು ಸಲ ನೋಟ್ ಬಂತು. ಮೂರು ಸಲವೂ ತೆಗೆಯಲ್ಲ ಅಂದೆ. ಕೊನೆಗೆ ತಮ್ಮ ಚಾನೆಲ್ ಪ್ರೋಮೋದಿಂದಲೇ ಹನ್ನೊಂದು ಸೆಕೆಂಡ್ ಬಿಟ್ಟುಕೊಟ್ಟರು.