ಮಳೆ ರಜೆಯ ಬೆಳಗಿಗೆ ಒಂದು ಚಿತ್ರಪಟ್ಟಿ

ಕಾರವಾರ, ಅಂಕೋಲಾ, ಕುಮಟಾ ಕಡೆ ಜೋರು ಮಳೆ ಹಿಡಿದರೆ ಶಾಲೆಗೆ ರಜೆ ಎಂಬ ಜಿಲ್ಲಾಧಿಕಾರಿಗಳ ಆದೇಶ ರಾತ್ರಿಯೂ ಬರಬಹುದು, ಯೂನಿಫಾರ್ಮ್ ಹಾಕಿ ಮುಗಿದ ಮೇಲೂ ಬರಬಹುದು. ಆಟಿಸಂ ಇರುವ ಎಷ್ಟೋ ಮಕ್ಕಳು ಆಗ ಚೀಲ ಇಳಿಸಲು ಒಪ್ಪದೆ ಬಾಗಿಲಲ್ಲೇ ನಿಂತು ಅಳುತ್ತಾರೆ. ಹಟವೆಂದು ಗದರಬೇಡಿ. ಮುಂದೆ ಏನಾಗುತ್ತದೆಂದು ಮಗು ನಂಬಿಕೊಂಡಿತ್ತೋ ಅದು ತಪ್ಪಿಹೋಗಿದೆ. ಹೇಳಿದ ಮಾತು ಹೇಳಿದಲ್ಲಿಗೇ ಮುಗಿಯುತ್ತದೆ, ಚಿತ್ರ ಕಣ್ಣೆದುರು ಉಳಿಯುತ್ತದೆ. ದಿನದ ಕೆಲಸಗಳನ್ನು ಚಿತ್ರದ ಕಾರ್ಡುಗಳಲ್ಲಿ ಸಾಲಾಗಿ ತೋರಿಸುವ ಪಟ್ಟಿಯನ್ನು ಮೇ ತಿಂಗಳಲ್ಲೇ ಮಾಡಿ. ಮಳೆ, ಹೊಸ ತರಗತಿ, ಹೊಸ ಪಟ್ಟಿ ಮೂರೂ ಜೂನ್‌ನಲ್ಲಿ ಒಟ್ಟಿಗೆ ಬಂದರೆ ಮಗುವಿಗೆ ಭಾರವಾಗುತ್ತದೆ.

ಕಾರ್ಡಿನ ಅಳತೆ 5 ಸೆಂ.ಮೀ. ಚೌಕ ಸಾಕು. ನಿಮ್ಮದೇ ಮನೆಯ ತಟ್ಟೆ, ಬಚ್ಚಲು, ಶಾಲೆಯ ಗೇಟಿನ ಫೋಟೋ ಬಳಸಿ. ಫೋಟೋ ಅರ್ಥವಾಗದ ಮಗುವಿಗೆ ವಸ್ತುವನ್ನೇ ಕೊಡಿ: ಊಟಕ್ಕೆ ಚಮಚ, ಸ್ನಾನಕ್ಕೆ ಮಗ್. ಲ್ಯಾಮಿನೇಟ್ ಮಾಡಿಸಿ ಕತ್ತರಿಸುವಾಗ ಸುತ್ತಲೂ ಕನಿಷ್ಠ 3 ಮಿ.ಮೀ. ಪ್ಲಾಸ್ಟಿಕ್ ಅಂಚು ಬಿಡಿ. ಕಾಗದದ ಅಂಚಿಗೇ ಕತ್ತರಿ ಹಾಕಿದರೆ ನಮ್ಮ ಕಡೆಯ ತೇವ ಒಳಹೊಕ್ಕು ಬೂಷ್ಟು ಹಿಡಿಯುತ್ತದೆ. ವೆಲ್ಕ್ರೋದ ಮೆತ್ತನೆಯ ಭಾಗ ಪಟ್ಟಿಗೆ, ಒರಟು ಭಾಗ ಎಲ್ಲ ಕಾರ್ಡುಗಳಿಗೆ. ಮಳೆಗಾಲದ ಗೋಡೆಗೆ ಅಂಟು ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಹಲಗೆಗೆ ಅಂಟಿಸಿ ಮಗುವಿನ ಕಣ್ಣಿನ ಎತ್ತರಕ್ಕೆ ತೂಗುಹಾಕಿ.

ಮೊದಲ ವಾರ ಎರಡೇ ಕಾರ್ಡು: ಈಗ ಸ್ನಾನ, ಆಮೇಲೆ ದೋಸೆ. ಮುಗಿದದ್ದನ್ನು ಮಗುವೇ ಕಿತ್ತು ಡಬ್ಬಿಗೆ ಹಾಕಲಿ. ಅದು ರೂಢಿಯಾದ ಮೇಲೆ ನಾಲ್ಕೈದಕ್ಕೆ ಏರಿಸಿ. ಮೊದಲ ದಿನವೇ ಹತ್ತು ಕಾರ್ಡು ಸಾಲಾಗಿಟ್ಟರೆ ಮಗು ಯಾವುದನ್ನೂ ನೋಡುವುದಿಲ್ಲ. ಅಜ್ಜಿ ಕೊಂಕಣಿಯಲ್ಲಿ, ಅಮ್ಮ ಕನ್ನಡದಲ್ಲಿ ಮಾತಾಡುವ ಮನೆಯಾದರೆ ಪ್ರತಿ ಕಾರ್ಡಿಗೆ ಒಂದೇ ಶಬ್ದ ಗೊತ್ತುಮಾಡಿ, ಎಲ್ಲರೂ ಅದನ್ನೇ ಹೇಳಿ.

ಇಡೀ ಪಟ್ಟಿಯ ಜೀವ ಇರುವುದು, ಅಂದುಕೊಂಡದ್ದು ಬದಲಾಗಿದೆಯೆಂದು ತಿಳಿಸುವ "ಬದಲು" ಕಾರ್ಡಿನಲ್ಲಿ. ಕಣ್ಣಿಗೆ ಬೀಳುವ ಒಂದೇ ಬಣ್ಣ, ಒಂದೇ ಗುರುತು. ಇದನ್ನು ಮೊದಲು ಸಿಹಿ ಸುದ್ದಿಗೇ ಬಳಸಿ: ಮೊಸರನ್ನದ ಬದಲು ಪಾಯಸ, ಓದಿನ ಬದಲು ಜೋಕಾಲಿ. ಏಳೆಂಟು ದಿನ ಹೀಗಾದ ಮೇಲೆ ಬೇಸರವಿಲ್ಲದ ಸಣ್ಣ ಬದಲಾವಣೆ, ಕೊನೆಗೆ ಇಷ್ಟವಿಲ್ಲದ್ದು. ಕಹಿ ಸುದ್ದಿಗೆ ಮಾತ್ರ ತೆಗೆದರೆ ಕಾರ್ಡು ಕಂಡರೇ ಮಗು ಹೆದರುತ್ತದೆ. ಹೆಚ್ಚಿನ ಮನೆಗಳಲ್ಲಿ ಕೆಡುವುದು ಇಲ್ಲೇ.

ಮಳೆ ಜೋರಿದ್ದ ದಿನ ರಜೆ ಇಲ್ಲವೆಂದು ಖಾತ್ರಿಯಾಗುವವರೆಗೆ "ಶಾಲೆ" ಕಾರ್ಡನ್ನೂ ಯೂನಿಫಾರ್ಮನ್ನೂ ಹೊರಗೆ ತೆಗೆಯಬೇಡಿ. ರಜೆಯೆಂದು ತಿಳಿದರೆ ಶಾಲೆಯ ಜಾಗದಲ್ಲಿ "ಬದಲು", ಅದರ ಪಕ್ಕಕ್ಕೆ "ಮನೆ" ಕಾರ್ಡು. ಆ ಜಾಗ ಖಾಲಿ ಬಿಡಬೇಡಿ. ಟಿಫಿನ್ ಡಬ್ಬಿ ಎಂದಿನಂತೆ ಕಟ್ಟಿ, ಶಾಲೆಯ ಹೊತ್ತಿಗೇ ಮನೆಯಲ್ಲಿ ತಿನ್ನಿಸಿ. ದಿನದ ಒಂದು ಗೂಟ ಅಲುಗದೆ ನಿಂತರೆ ಉಳಿದದ್ದನ್ನು ಮಗು ತಾಳಿಕೊಳ್ಳುತ್ತದೆ.

ಕರೆಂಟ್ ಹೋಗುವುದಕ್ಕೂ ಕಾರ್ಡು ಬೇಕು. ಹಗಲಲ್ಲೇ ಹತ್ತು ಸೆಕೆಂಡು ದೀಪ ಆರಿಸಿ, ಟಾರ್ಚ್ ಎಲ್ಲಿದೆಯೆಂದು ಮಗುವಿನ ಕೈಯಿಂದಲೇ ಹುಡುಕಿಸಿ. ತಗಡಿನ ಮಾಡಿನ ಸದ್ದು ತಡೆಯದ ಮಗುವಿಗೆ ಕಿವಿ ಮುಚ್ಚುವ ಇಯರ್‌ಮಫ್ ಕೊಡಿ. ಇಡೀ ದಿನ ಹಾಕಿಟ್ಟರೆ ಸಣ್ಣ ಸದ್ದೂ ಸಹಿಸಲಾಗದಂತಾಗಬಹುದು, ಹಾಗಾಗಿ ಮಳೆಯ ಆರ್ಭಟ ಇಳಿದೊಡನೆ ತೆಗೆಯಿರಿ. ಶಿರಸಿ, ಸಿದ್ದಾಪುರದ ಮನೆಗಳಲ್ಲಿ ಬಟ್ಟೆಯನ್ನು ಹೊಡತಲಿನ (ಮನೆಯೊಳಗಿನ ಬೆಂಕಿಗೂಡಿನ) ಮೇಲೆ ಒಣಗಿಸುತ್ತಾರೆ. ಆ ಹೊಗೆ ವಾಸನೆಗೇ ಮಗು ಅಂಗಿ ಬೇಡವೆನ್ನಬಹುದು. ಒಂದು ಜೊತೆ ಹೆಚ್ಚು ಯೂನಿಫಾರ್ಮ್ ಹೊಲಿಸಿಡಿ.

ಕಾರ್ಡುಗಳ ಇನ್ನೊಂದು ಕಟ್ಟು ಶಾಲೆಗೂ ಇರಲಿ. ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ (ಬಿ.ಆರ್.ಸಿ.) ವಿಶೇಷ ಅಗತ್ಯದ ಮಕ್ಕಳಿಗೆಂದೇ ಇರುವ ಬಿ.ಐ.ಇ.ಆರ್.ಟಿ. ಶಿಕ್ಷಕರನ್ನು ಕೇಳಿ, ತರಗತಿಯಲ್ಲಿ ಪಟ್ಟಿ ಬಳಸಲು ಅವರ ನೆರವು ಪಡೆಯಿರಿ.

ರಜೆಯ ದಿನ ಮಗು ಮನೆಯಲ್ಲಿರುವಾಗ ಬಾಗಿಲ ಮೇಲ್ತುದಿಗೆ ಚಿಲಕ, ಜೊತೆಗೊಂದು ಗಂಟೆ ಇರಲಿ. ಆಟಿಸಂ ಇರುವ ಹಲವು ಮಕ್ಕಳನ್ನು ನೀರು ಸೆಳೆಯುತ್ತದೆ. ಮಳೆಗಾಲದಲ್ಲಿ ಕೆರೆ, ಬಾವಿ, ತೋಟದ ಕಾಲುವೆ ಎಲ್ಲವೂ ತುಂಬಿರುತ್ತವೆ. ಮಗು ಕಾಣದಿದ್ದರೆ ಮೊದಲು ನೀರಿರುವಲ್ಲಿಗೆ ಓಡಿ. ಅಷ್ಟರಲ್ಲಿ ಮನೆಯ ಇನ್ನೊಬ್ಬರು 112ಕ್ಕೆ ಕರೆ ಮಾಡಲಿ.