ಮೂರು ಕಾರ್ಡಿನ ಸಾಲವನ್ನು ಚಿನ್ನದ ಮೇಲೆ ಹಾಕಿ ತೀರಿಸಿದ ಲೆಕ್ಕ

2023ರ ಕೊನೆಗೆ ನನ್ನ ಹೆಸರಿನ ಮೂರು ಕ್ರೆಡಿಟ್ ಕಾರ್ಡುಗಳಲ್ಲಿ ಒಟ್ಟು 2,97,000 ರೂಪಾಯಿ ಬಾಕಿ ಇತ್ತು. ದೊಡ್ಡದರಲ್ಲಿ 1,62,000, ಎರಡನೆಯದರಲ್ಲಿ 88,000, ಮೂರನೆಯದರಲ್ಲಿ 47,000. ಅಪ್ಪನ ಬೈಪಾಸ್ ಆಪರೇಷನ್ನಿಗೆ ವಿಮೆಯವರು ಕೊಟ್ಟು ಉಳಿದದ್ದು. ರೂಮಿನ ಬಾಡಿಗೆ ಪಾಲಿಸಿಯ ಮಿತಿ ದಾಟಿದರೆ ಡಾಕ್ಟರ್ ಫೀಸಿಗೂ ಥಿಯೇಟರಿನ ಖರ್ಚಿಗೂ ಅದೇ ಪ್ರಮಾಣದಲ್ಲಿ ಕತ್ತರಿ ಬೀಳುತ್ತದೆ ಅನ್ನುವುದು ಬಹಳ ಜನಕ್ಕೆ ಡಿಸ್ಚಾರ್ಜ್ ದಿನವೇ ಗೊತ್ತಾಗುವುದು. ಆ ಕಥೆ ಇಲ್ಲಿ ಬೇಡ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುವುದು ನನ್ನ ಕೆಲಸ. ಕಂಪನಿಯ ಲೆಕ್ಕ ಬರೆಯುವ ಹಾಗೆಯೇ ನನ್ನದನ್ನೂ ಒಂದು ಹಾಳೆಯ ಮೇಲೆ ಬರೆದೆ.

ಮೊದಲ ಎರಡು ಕಾರ್ಡಿಗೆ ತಿಂಗಳಿಗೆ ಶೇ. 3.5 ಬಡ್ಡಿ, ಮೂರನೆಯದಕ್ಕೆ 3.75. ಮೂರೂ ಸೇರಿ ತಿಂಗಳ ಬಡ್ಡಿ ಸುಮಾರು 10,500. ಅದರ ಮೇಲೆ ಶೇ. 18 ಜಿಎಸ್‌ಟಿ. ಅಲ್ಲಿಗೆ 12,400. ತಿಂಗಳಿಗೆ ಕಟ್ಟಲೇಬೇಕಾದ ಕನಿಷ್ಠ ಮೊತ್ತ (ಮಿನಿಮಮ್ ಡ್ಯೂ) ಬಾಕಿಯ ಶೇ. 5ರಂತೆ 14,850. ಅಂದರೆ ನಾನು ಹದಿನೈದು ಸಾವಿರದಷ್ಟು ಕಟ್ಟಿದರೆ ಅಸಲಿಗೆ ಹೋಗುವುದು ಎರಡೂವರೆ ಸಾವಿರಕ್ಕೂ ಕಡಿಮೆ. ಕಾರ್ಡಿನಲ್ಲಿ ಬಾಕಿ ಇರುವಾಗ ಹೊಸದಾಗಿ ಏನೇ ಕೊಂಡರೂ ಬಡ್ಡಿಯಿಲ್ಲದ ಅವಧಿ ಸಿಗುವುದಿಲ್ಲ, ಕೊಂಡ ದಿನದಿಂದಲೇ ಮೀಟರ್ ಓಡುತ್ತದೆ. ಮೂರನೇ ಕಾರ್ಡಿನಲ್ಲಿ ಎಟಿಎಂನಿಂದ ತೆಗೆದ 20,000 ಕೂಡ ಇತ್ತು. ಅದಕ್ಕಂತೂ ಬಡ್ಡಿಯಿಲ್ಲದ ಅವಧಿ ಅನ್ನುವುದೇ ಇಲ್ಲ, ತೆಗೆಯುವಾಗಲೇ ಶುಲ್ಕ ಬೇರೆ.

ಇಲ್ಲಿ ಒಂದು ಮಾತು ಹೇಳಬೇಕು, ಇದನ್ನು ಕಾರ್ಡ್ ಮಾರುವವರು ಯಾರೂ ಹೇಳುವುದಿಲ್ಲ. ಸಾಮಾನ್ಯ ಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲ. ಆ ವಿನಾಯಿತಿಯಿಂದ ಕ್ರೆಡಿಟ್ ಕಾರ್ಡಿನ ಬಡ್ಡಿಯನ್ನು ಮಾತ್ರ ಹೊರಗಿಟ್ಟಿದ್ದಾರೆ. ಹಾಗಾಗಿ ಕಾರ್ಡಿನಲ್ಲಿ ವರ್ಷಕ್ಕೆ ಶೇ. 42 ಎಂದು ಕಾಣುವುದು ತೆರಿಗೆ ಸೇರಿ ಐವತ್ತರ ಹತ್ತಿರ ಬರುತ್ತದೆ. ಅದೇ ಸಾಲವನ್ನು ಕಾರ್ಡಿನಿಂದ ಆಚೆ ತಂದರೆ ಬಡ್ಡಿ ಇಳಿಯುವುದು ಒಂದು ಲಾಭ, ಬಡ್ಡಿಯ ಮೇಲಿನ ತೆರಿಗೆ ಪೂರ್ತಿ ಹೋಗುವುದು ಇನ್ನೊಂದು. ಕಾರ್ಡಿನಲ್ಲೇ ‘ಇಎಂಐಗೆ ಬದಲಾಯಿಸಿಕೊಳ್ಳಿ’ ಎಂದು ಮೆಸೇಜ್ ಬರುತ್ತದಲ್ಲ, ಅಲ್ಲಿ ಬಡ್ಡಿ ಇಳಿದರೂ ತೆರಿಗೆ ಹೋಗುವುದಿಲ್ಲ. ಅದನ್ನು ನಾನು ಬಿಟ್ಟದ್ದು ಅದಕ್ಕೇ.

ಬಡ್ಡಿ ಇಷ್ಟು ಹಾಕಬಹುದೇ ಎಂದು ಕೇಳುವವರಿಗೆ: 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಶೇ. 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ತಪ್ಪು ಎಂದಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನೇ ರದ್ದುಮಾಡಿತು. ಕೋರ್ಟಿನ ಕಡೆ ನೋಡಿ ಪ್ರಯೋಜನವಿಲ್ಲ.

ಇನ್ನೊಂದು ದಾರಿ ಸೆಟಲ್‌ಮೆಂಟ್. ಅರ್ಧ ಕಟ್ಟಿ, ಉಳಿದದ್ದು ಮನ್ನಾ ಮಾಡಿಸುತ್ತೇವೆ ಎಂದು ಫೋನ್ ಮಾಡುವವರು ಬಹಳ ಇದ್ದಾರೆ. ಮೊದಲು ಮೂರು ತಿಂಗಳು ಏನೂ ಕಟ್ಟಬೇಡಿ ಅನ್ನುವುದು ಅವರ ಮೊದಲ ಸಲಹೆ. ನಮ್ಮ ಸಾಲದ ಚರಿತ್ರೆ ತೋರಿಸುವ ಸಿಬಿಲ್ ವರದಿಯಲ್ಲಿ ‘ಕ್ಲೋಸ್ಡ್’ ಎಂದು ಬರುವ ಜಾಗದಲ್ಲಿ ‘ಸೆಟಲ್ಡ್’ ಎಂದು ಬಂದರೆ ಮುಂದೆ ಮನೆ ಸಾಲ ಕೇಳಲು ಹೋದಾಗ ಅದು ಎದುರು ಬರುತ್ತದೆ. ಸಂಬಳ ನಿಂತುಹೋದವರಿಗೆ, ಬೇರೆ ದಾರಿಯೇ ಇಲ್ಲದವರಿಗೆ ಅದು ಸರಿ ಇರಬಹುದು. ನನಗೆ ಸಂಬಳ ಬರುತ್ತಿತ್ತು. ಕಪಾಟಿನಲ್ಲಿ ಒಡವೆಯೂ ಇತ್ತು.

ಒಡವೆ ಅಡ ಇಡುವುದು ಲೆಕ್ಕದಲ್ಲಿ ಸುಲಭ, ಮನೆಯಲ್ಲಿ ಕಷ್ಟ. ನನ್ನ ಯಜಮಾನರು ಬೇಡ ಅನ್ನಲಿಲ್ಲ. ತಿಪಟೂರಿನಿಂದ ಅಮ್ಮ ಫೋನಿನಲ್ಲಿ, “ಬಡ್ಡಿ ಎಷ್ಟಾದ್ರೂ ಆಗ್ಲಿ ಬಿಡೇ, ಮಗಳ ಒಡವೆ ಅಡ ಇಡಿಸಿ ಆಪರೇಷನ್ ಮಾಡಿಸ್ಕೊಂಡೆ ಅಂತ ನಿಮ್ಮಪ್ಪ ಕೊರಗ್ತಾರೆ ಕಣೇ” ಎಂದರು. ತಿಂಗಳಿಗೆ 12,400 ಬಡ್ಡಿ ಹೋಗುತ್ತಿದೆ ಎಂದು ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ತಾಳಿ ಸರ ಮಾತ್ರ ಮುಟ್ಟಬೇಡ” ಎಂದರು. ಅದನ್ನು ಮುಟ್ಟುವ ಅಗತ್ಯ ಬೀಳಲಿಲ್ಲ.

2024ರ ಜನವರಿಯಲ್ಲಿ ಒಂದು ಸರ್ಕಾರಿ ಬ್ಯಾಂಕಿಗೆ ಹೋದೆ. ಶೇ. 9.5 ಬಡ್ಡಿ. ಅಪ್ರೈಸರ್ ಒಂದೊಂದೇ ಒಡವೆಯನ್ನು ಒರೆಗಲ್ಲಿಗೆ ಉಜ್ಜಿ, ಗೆರೆಯ ಮೇಲೆ ಆಸಿಡ್ ಹನಿ ಬಿಟ್ಟು ನೋಡಿದರು. ಓಲೆ ಕೈಗೆತ್ತಿಕೊಂಡು, “ಕೆಂಪು ಕಲ್ಲಿಗೂ ಅರಗಿಗೂ ಸೇರಿಸಿ ಒಂದೂವರೆ ಗ್ರಾಂ ಕಳೀತೀನಮ್ಮ” ಎಂದರು. ಅಂಗಡಿಯಲ್ಲಿ ಕೊಳ್ಳುವಾಗ ಆ ಕಲ್ಲಿಗೂ ಚಿನ್ನದ ರೇಟೇ ಕೊಟ್ಟಿರುತ್ತೇವೆ, ಅದು ಬೇರೆ ಮಾತು. ಕೊನೆಗೆ ನಿವ್ವಳ ತೂಕ 44 ಗ್ರಾಂ. ಚಿನ್ನದ ಬೆಲೆಯ ಶೇ. 75ಕ್ಕಿಂತ ಹೆಚ್ಚು ಸಾಲ ಕೊಡುವಂತಿಲ್ಲ ಎಂಬ ರಿಸರ್ವ್ ಬ್ಯಾಂಕ್ ನಿಯಮ ಆಗ ಇತ್ತು. ಗ್ರಾಂಗೆ ನಾಲ್ಕು ಸಾವಿರದ ಆಸುಪಾಸಿನಲ್ಲಿ ಒಟ್ಟು 1,75,000 ಬಂತು.

ಇಲ್ಲಿ ನಾನು ಹಟ ಹಿಡಿದದ್ದು ಒಂದಕ್ಕೆ. ಎಲ್ಲ ಒಡವೆಯನ್ನೂ ಒಂದೇ ಚೀಲದಲ್ಲಿ ಹಾಕಿ ಒಂದೇ ಸಾಲ ಮಾಡಬೇಡಿ, ಮೂರು ಮಾಡಿ ಎಂದೆ. “ಒಂದೇ ಅಕೌಂಟ್ ಆದ್ರೆ ನಿಮಗೂ ಸುಲಭ ಅಲ್ವಾ ಮೇಡಂ?” ಎಂದು ಆಫೀಸರ್ ಕೇಳಿದರು. ಸುಲಭ ಅವರಿಗೆ. ಒಂದೇ ಸಾಲವಾದರೆ ಕೊನೆಯ ರೂಪಾಯಿ ಕಟ್ಟುವ ತನಕ ಒಂದು ಉಂಗುರವೂ ಮನೆಗೆ ಬರುವುದಿಲ್ಲ. ಬೇರೆ ಬೇರೆ ಮಾಡಿಸಿದರೆ ಒಂದೊಂದನ್ನೇ ಬಿಡಿಸಿಕೊಳ್ಳಬಹುದು. ಓಲೆ, ಉಂಗುರಕ್ಕೆ 31,000. ಎರಡು ಬಳೆಗೆ 64,000. ಉದ್ದದ ಸರಕ್ಕೆ 80,000. ಅಪ್ರೈಸರ್ ಶುಲ್ಕ ಮೂರು ಸಲ ಕಟ್ಟಬೇಕಾಯಿತು, ಕೆಲವು ನೂರು ರೂಪಾಯಿ ಹೆಚ್ಚು. ಆ ಖರ್ಚು ನನಗೆ ದೊಡ್ಡದೆನಿಸಲಿಲ್ಲ.

ಉಳಿದದ್ದಕ್ಕೆ ಸಂಬಳ ಬರುವ ಬ್ಯಾಂಕಿನಲ್ಲಿ 1,25,000 ಪರ್ಸನಲ್ ಲೋನ್. ಶೇ. 14, ಎರಡು ವರ್ಷ, ಕಂತು 6,002. ಮೂರೂ ಕಾರ್ಡಿನ ಲಿಮಿಟ್ ತುಂಬಿದ್ದರಿಂದ ನನ್ನ ಸಿಬಿಲ್ ಸ್ಕೋರ್ ಇಳಿದಿತ್ತು, ಅದಕ್ಕಿಂತ ಕಡಿಮೆಗೆ ಕೊಡಲಿಲ್ಲ. ಪ್ರೋಸೆಸಿಂಗ್ ಫೀಸು ಶೇ. 2, ಅದಕ್ಕೆ ಜಿಎಸ್‌ಟಿ, ಒಟ್ಟು 2,950 ಹಿಡಿದುಕೊಂಡು ಖಾತೆಗೆ ಹಾಕಿದ್ದು 1,22,050. ಸಾಲ ಕೇಳುವಾಗ ಕೈಗೆ ಬರುವ ಮೊತ್ತದ ಮೇಲೆ ಲೆಕ್ಕ ಹಾಕಬೇಕು. 2024ರ ಅಕ್ಟೋಬರಿನಿಂದ ಈ ಖರ್ಚೆಲ್ಲ ಸೇರಿಸಿದ ವಾರ್ಷಿಕ ದರವನ್ನು ಬ್ಯಾಂಕಿನವರೇ ಒಂದು ಹಾಳೆಯಲ್ಲಿ ಬರೆದು ಕೊಡಬೇಕೆಂಬ ನಿಯಮ ಬಂದಿದೆ. ಸಹಿ ಹಾಕುವ ಮೊದಲು ಆ ಹಾಳೆ ಕೇಳಿ ಓದಿ.

ಎರಡೂ ಸೇರಿ ಮೊದಲ ತಿಂಗಳ ಬಡ್ಡಿ ಸುಮಾರು 2,850. ಹಿಂದಿನ ತಿಂಗಳು 12,400. ವ್ಯತ್ಯಾಸ ಒಂಬತ್ತೂವರೆ ಸಾವಿರ.

ಈ ಒಂಬತ್ತೂವರೆ ಸಾವಿರ ಏನಾಗುತ್ತದೆ ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ನಮ್ಮ ಆಫೀಸಿನಲ್ಲೇ ನೋಡಿದ್ದೇನೆ, ಸಾಲ ಒಟ್ಟು ಮಾಡಿಕೊಂಡ ತಿಂಗಳೇ ‘ಕಂತು ಕಡಿಮೆ ಆಯ್ತು’ ಎಂದು ಹೊಸ ಗಾಡಿಗೆ ಬುಕ್ ಮಾಡುತ್ತಾರೆ. ನಾನು ಕಾರ್ಡಿಗೆ ಕಟ್ಟುತ್ತಿದ್ದ ಹದಿನೈದು ಸಾವಿರವನ್ನು ಹಾಗೇ ಉಳಿಸಿಕೊಂಡೆ. 6,000 ಪರ್ಸನಲ್ ಲೋನಿಗೆ, 9,000 ಚಿನ್ನಕ್ಕೆ. ಸಂಬಳ ಬಂದ ಮಾರನೇ ದಿನವೇ ಹೋಗುವ ಹಾಗೆ ಮಾಡಿಟ್ಟೆ.

ಕಾರ್ಡುಗಳ ಬಾಕಿ ಕಟ್ಟುವಾಗ ಒಂದು ವಿಷಯ ಗಮನಿಸಿ. ಸ್ಟೇಟ್‌ಮೆಂಟಿನಲ್ಲಿರುವ ಮೊತ್ತ ಪೂರ್ತಿ ಕಟ್ಟಿದರೂ ಬಾಕಿ ಸೊನ್ನೆ ಆಗುವುದಿಲ್ಲ. ಸ್ಟೇಟ್‌ಮೆಂಟ್ ಬಂದ ದಿನದಿಂದ ನೀವು ಕಟ್ಟಿದ ದಿನದ ತನಕದ ಬಡ್ಡಿ ಮುಂದಿನ ತಿಂಗಳ ಬಿಲ್ಲಿನಲ್ಲಿ ಬರುತ್ತದೆ. ನಾನು ಹತ್ತು ದಿನಕ್ಕೆ ಕಟ್ಟಿದ್ದೆ, ದೊಡ್ಡ ಕಾರ್ಡೊಂದಕ್ಕೇ 2,200 ಚಿಲ್ಲರೆ ಬಂತು. ಇದು ಗೊತ್ತಿದ್ದರಿಂದ ಆ ತಿಂಗಳ ಸಂಬಳದಲ್ಲಿ ಸ್ವಲ್ಪ ತೆಗೆದಿಟ್ಟಿದ್ದೆ. ಗೊತ್ತಿಲ್ಲದವರು ‘ಎಲ್ಲ ಕಟ್ಟಿ ಆಯ್ತಲ್ಲ’ ಎಂದು ಆ ಬಿಲ್ ತೆರೆದೂ ನೋಡುವುದಿಲ್ಲ. ಆಮೇಲೆ ಲೇಟ್ ಫೀಸು, ಸಿಬಿಲ್‌ನಲ್ಲಿ ಒಂದು ಕಪ್ಪು ಗೆರೆ.

ಮೂರರಲ್ಲಿ ಎರಡು ಕಾರ್ಡು ಮುಚ್ಚಿಸಿದೆ, ಎಲ್ಲಕ್ಕಿಂತ ಹಳೆಯದನ್ನು ಇಟ್ಟುಕೊಂಡೆ. ಹಳೇ ಖಾತೆ ಇದ್ದರೆ ಸ್ಕೋರಿಗೆ ಒಳ್ಳೆಯದು. ಅದರ ಲಿಮಿಟ್ ನಾನೇ ಕೇಳಿ 40,000ಕ್ಕೆ ಇಳಿಸಿಸಿದೆ, ಆ್ಯಪಿನಲ್ಲಿ ಎಟಿಎಂ ನಗದು ಮತ್ತು ವಿದೇಶಿ ವ್ಯವಹಾರ ಆಫ್ ಮಾಡಿದೆ. ಮುಚ್ಚಿಸುವ ಮೊದಲು ಆ ಕಾರ್ಡುಗಳಿಗೆ ಏನೇನು ಕಟ್ಟಿಹಾಕಿಕೊಂಡಿದೆ ನೋಡಬೇಕು. ನನ್ನದರಲ್ಲಿ ಅಪ್ಪನ ವಿಮೆಯ ಕಂತೂ ಮೊಬೈಲ್ ಬಿಲ್ಲೂ ತಾನಾಗಿ ಹೋಗುತ್ತಿದ್ದವು. ಅವನ್ನು ಬ್ಯಾಂಕ್ ಖಾತೆಗೆ ಬದಲಾಯಿಸಿದ ಮೇಲೇ ಅರ್ಜಿ ಹಾಕಿದ್ದು.

ಒಂದು ಕಾರ್ಡು ಸುಲಭವಾಗಿ ಮುಚ್ಚಿತು. ಇನ್ನೊಂದರವರು ಬಿಡಲೇ ಇಲ್ಲ. ವಾರ್ಷಿಕ ಶುಲ್ಕ ಮನ್ನಾ ಮಾಡುತ್ತೇವೆ, ಲಿಮಿಟ್ ಹೆಚ್ಚಿಸುತ್ತೇವೆ, ವೋಚರ್ ಕೊಡುತ್ತೇವೆ ಎಂದು ದಿನಕ್ಕೊಬ್ಬರು ಫೋನ್. ಬಾಯಿಮಾತು ಬಿಟ್ಟು ಇಮೇಲ್ ಬರೆದೆ. ಬಾಕಿ ಇಲ್ಲದ ಕಾರ್ಡನ್ನು ಗ್ರಾಹಕ ಕೇಳಿದ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ಗ್ರಾಹಕನಿಗೆ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ 2022ರ ಕಾರ್ಡ್ ನಿರ್ದೇಶನದಲ್ಲಿತ್ತು. ಅದನ್ನು ಒಂದು ಸಾಲಿನಲ್ಲಿ ಬರೆದು, ಅರ್ಜಿ ಕೊಟ್ಟ ತಾರೀಖು ಹಾಕಿದೆ. ಮರುದಿನವೇ ಮುಚ್ಚಿದ ಮೆಸೇಜ್ ಬಂತು. ಬರದಿದ್ದರೆ ಮೂವತ್ತು ದಿನ ಕಾದು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದಿತ್ತು. ಎರಡಕ್ಕೂ ‘ಬಾಕಿ ಇಲ್ಲ’ ಎಂಬ ಪತ್ರ ತರಿಸಿ ಇಟ್ಟುಕೊಂಡೆ. ಕೆಲವು ತಿಂಗಳ ನಂತರ ಸಿಬಿಲ್ ವರದಿ ತೆಗೆದರೆ ಒಂದು ಕಾರ್ಡು ಇನ್ನೂ ‘ಆ್ಯಕ್ಟಿವ್’ ಎಂದೇ ಇತ್ತು. ಆ ಪತ್ರ ಕೈಯಲ್ಲಿ ಇದ್ದದ್ದಕ್ಕೆ ಆನ್‌ಲೈನಿನಲ್ಲಿ ತಕರಾರು ಹಾಕಿ ಸರಿಪಡಿಸುವುದು ಕಷ್ಟವಾಗಲಿಲ್ಲ. ವರದಿಯನ್ನು ವರ್ಷಕ್ಕೊಮ್ಮೆ ಪುಕ್ಕಟೆ ಕೊಡಬೇಕೆಂದು ನಿಯಮವಿದೆ, ಯಾವ ಆ್ಯಪಿಗೂ ದುಡ್ಡು ಕೊಡುವ ಅಗತ್ಯ ಇಲ್ಲ.

ಚಿನ್ನದ ಮೂರು ಸಾಲಕ್ಕೂ ಬಡ್ಡಿ ಒಂದೇ, ಯಾವುದನ್ನು ಮೊದಲು ತೀರಿಸಿದರೂ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಚಿಕ್ಕದರಿಂದ ಶುರುಮಾಡಿದೆ. ಬೇಸಿಗೆ ರಜೆಗೆ ಊರಿಗೆ ಹೋಗುವ ಹೊತ್ತಿಗೆ ಓಲೆ ಕಿವಿಯಲ್ಲಿತ್ತು. ಅಮ್ಮ ಏನೂ ಕೇಳಲಿಲ್ಲ, ಎರಡು ಸಲ ಕಿವಿ ನೋಡಿದರು ಅಷ್ಟೆ. ವರ್ಷ ತುಂಬುವುದರೊಳಗೆ ಬಳೆಯೂ ಬಂತು.

ಉದ್ದದ ಸರದ ಸಾಲಕ್ಕೆ ವರ್ಷವಾದಾಗ ನವೀಕರಣಕ್ಕೆ ಹೋದೆ. ವರ್ಷದ ಬಡ್ಡಿ 7,600 ಕಟ್ಟಿದರೆ ಅದೇ 80,000ಕ್ಕೆ ಹೊಸ ಕಾಗದ ಮಾಡುತ್ತಾರೆ. ಅಷ್ಟರಲ್ಲಿ ಚಿನ್ನದ ದರ ಏರಿತ್ತು. “ಅದೇ ಸರಕ್ಕೆ ಇನ್ನೂ ಹದಿನೈದು ಇಪ್ಪತ್ತು ಸಾವಿರ ಸಿಗುತ್ತೆ ಮೇಡಂ, ಹಾಕ್ಲಾ?” ಎಂದರು ಕೌಂಟರಿನಲ್ಲಿದ್ದ ಹುಡುಗ. ಚಿನ್ನದ ಸಾಲ ವರ್ಷಗಟ್ಟಲೆ ಎಳೆಯುವುದು ಹೀಗೇ. ದರ ಏರಿದಾಗಲೆಲ್ಲ ಸ್ವಲ್ಪ ಸೇರಿಸಿಕೊಳ್ಳುತ್ತಾ ಹೋಗಿ, ಬಡ್ಡಿಯನ್ನೂ ಆ ಹೊಸ ಸಾಲದಿಂದಲೇ ಕಟ್ಟಿ, ಕಟ್ಟಿದಂತೆ ಅನಿಸುತ್ತಿರುತ್ತದೆ. ಬೇಡ ಎಂದು 7,600 ಕಟ್ಟಿ ಬಂದೆ.

2025ರಲ್ಲಿ ತಿಪಟೂರಿನಲ್ಲಿ ಕೊಬ್ಬರಿ ದರ ಏರಿತು. ಅಪ್ಪ ಅಟ್ಟದಲ್ಲಿದ್ದ ಕೊಬ್ಬರಿ ಮಾರಿ, ಕೇಳದೆಯೇ ಸ್ವಲ್ಪ ದುಡ್ಡು ಕಳಿಸಿದರು. ವಾಪಸ್ ಕಳಿಸಿದರೆ ಬೇಜಾರು ಮಾಡಿಕೊಳ್ಳುತ್ತಿದ್ದರು, ಹಾಗೇ ಸರದ ಸಾಲಕ್ಕೆ ಹಾಕಿದೆ. ದಸರಾ ಹೊತ್ತಿಗೆ ಅದೂ ಮುಗಿಯಿತು.

ಆಗ ಪರ್ಸನಲ್ ಲೋನಿನಲ್ಲಿ ನಾಲ್ಕು ಕಂತು ಉಳಿದಿದ್ದವು. ಒಂದೇ ಸಲ ಕಟ್ಟಿ ಮುಗಿಸಿಬಿಡೋಣ ಎಂದು ಯಜಮಾನರು ಅಂದರು. ಬಾಕಿ ಅಸಲು 23,300. ಅವಧಿಗೆ ಮುಂಚೆ ಮುಚ್ಚಿದರೆ ಶೇ. 4 ಶುಲ್ಕ, ಅದಕ್ಕೆ ಜಿಎಸ್‌ಟಿ, ಒಟ್ಟು 1,100. ನಾಲ್ಕು ಕಂತಿನಲ್ಲಿ ಇನ್ನು ಹೋಗಬೇಕಿದ್ದ ಬಡ್ಡಿಯೇ 690. ಸುಮ್ಮನೆ ಕಂತು ಕಟ್ಟಿಕೊಂಡು ಹೋದೆವು.

ಮೊನ್ನೆ ನಾದಿನಿ ಫೋನ್ ಮಾಡಿ, “ಅಕ್ಕ, ನನ್ನದೂ ಒಂದು ಕಾರ್ಡಿದೆ, ಬಳೆ ಇಡ್ಲಾ?” ಎಂದು ಕೇಳಿದಳು. ಅವಳ ಬಾಕಿ 38,000. ತಿಂಗಳಿಗೆ ಹತ್ತು ಸಾವಿರ ತೆಗೆದಿಡುವ ಶಕ್ತಿ ಅವಳಿಗಿದೆ. ಅಷ್ಟಕ್ಕೆ ಅಪ್ರೈಸರ್, ಕಾಗದ, ರಜೆ ಹಾಕಿ ಓಡಾಟ ಬೇಡ ಎಂದೆ. ಕಾರ್ಡನ್ನು ಪರ್ಸಿನಿಂದ ತೆಗೆದಿಟ್ಟು, ಯುಪಿಐಗೆ ಜೋಡಿಸಿದ್ದರೆ ಅದನ್ನೂ ತೆಗೆದು, ನಾಲ್ಕೈದು ತಿಂಗಳಲ್ಲಿ ಸಂಬಳದಿಂದಲೇ ಮುಗಿಸು ಎಂದು ಹೇಳಿದ್ದೇನೆ. ಸ್ಟೇಟ್‌ಮೆಂಟ್ ಕಳಿಸುತ್ತೇನೆ ಅಂದಿದ್ದಾಳೆ, ಇನ್ನೂ ಬಂದಿಲ್ಲ.